ಕಾಕಾ ಉಂಡದ್ದು, ನಾನು ಕರಗಿಸಿದ್ದು

ನಮ್ಮ ಕಾಕಾ ತಾವು ಉಂಡದ್ದನ್ನು ಬೇರೆಯವರ ಹೊಟ್ಟೆಯಲ್ಲಿ ಕರಗಿಸುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬುತ್ತಿರಲಿಲ್ಲ. ಆದರೆ ಆ ಬೇರೆಯವರ ಹೊಟ್ಟೆ ಎಂಬುದು ನನ್ನದೇ ಆಗಿದ್ದರಿಂದ ನಂಬದೆ ದಾರಿ ಉಳಿಯಲಿಲ್ಲ. ಇಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಕಂಡದ್ದು ಎಂದು ಬರೆಯುತ್ತೇನೆ, ಕೇಳಿದ್ದನ್ನು ಕೇಳಿದ್ದು ಎಂದು ಬರೆಯುತ್ತೇನೆ. ಎಲ್ಲಿಯಾದರೂ ಅತಿಯಾಯಿತು ಅನ್ನಿಸಿದರೆ ಆ ಅತಿ ನನ್ನದಲ್ಲ, ಕಾಕಾನದು ಎಂದು ತಿಳಿಯಬೇಕು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಸರಕಾರಿ ಬಸ್ಸಿನ ಕಂಡಕ್ಟರ್ ಆಗಿ ಜತ್ತದಿಂದ ಉಮದಿಗೆ, ಉಮದಿಯಿಂದ ಗಡಿ ದಾಟಿ ವಿಜಾಪುರಕ್ಕೆ ಮಂದಿಯನ್ನು ಸಾಗಿಸುತ್ತ ಪೆನ್ಶನ್ನಿಗೆ ಬಂದವರು. ಉಮದಿಯ ಒಂದೇ ಅಂಗಳದ ಮನೆಯಲ್ಲಿ ಕಾಕಾ, ಅವರ ಹೆಂಡತಿ ಅಂದರೆ ನಮ್ಮ ಚಿಗವ್ವ, ನಾನು, ನನ್ನ ಹೆಂಡತಿ ಇದ್ದೇವೆ. ನಾನು ಇಲ್ಲಿಯ ಕನ್ನಡ ಶಾಲೆಯ ಮಾಸ್ತರ. ಕಾಕಾ ನೌಕರಿಯಿಂದ ಇಳಿದರು, ಆದರೆ ನೌಕರಿ ಕಾಕಾನಿಂದ ಇಳಿಯಲಿಲ್ಲ. ಊಟಕ್ಕೆ ಕೂತಾಗ ನಾವು ನಾಲ್ಕೇ ಜನ ಇದ್ದರೂ "ಒಳಗ ಸರೀರಿ, ನಡಬರಕ ಜಾಗಾ ಅದ" ಅನ್ನುತ್ತಾರೆ. ಬಸ್ಸಿನ ಗಂಟೆಯ ಹಾಗೆ ಎರಡು ಸಲ ಚಪ್ಪಾಳೆ ತಟ್ಟಿದರೆ ಬಡಿಸಲು ಶುರು ಮಾಡಬೇಕು, ಒಂದು ಸಲ ತಟ್ಟಿದರೆ ನಿಲ್ಲಿಸಬೇಕು. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಆ ಚಪ್ಪಾಳೆಗೆ ಬೆಚ್ಚಿ ಸೌಟು ಕೆಡವಿದ್ದಳು. ಈಗ ಒಂದು ಚಪ್ಪಾಳೆಗೆ ಸಾರು ಸೌಟಿನಿಂದ ಅರ್ಧ ಇಳಿದಲ್ಲಿಯೇ ನಿಲ್ಲುತ್ತದೆ ಎಂದು ಕಾಕಾ ಹೇಳುತ್ತಾರೆ. ಅದನ್ನು ನಾನು ಕಂಡಿಲ್ಲ.

ಈ ಎಲ್ಲದರಲ್ಲಿ ಚಿಗವ್ವನ ಪಾತ್ರ ಸಣ್ಣದು. ಅವಳು ಕಡಿಮೆ ಮಾತಿನ ಹೆಂಗಸು. ಒಮ್ಮೆ ನನ್ನ ಹೆಂಡತಿ, "ಅತ್ತಿ, ಮಾವ ಕಂಡಕ್ಟರ್ ಇದ್ದಾಗ ನಿಮಗ ಬಸ್ಸಿನ್ಯಾಗ ಯಾವಾಗಲೂ ಸೀಟ ಸಿಗತಿತ್ತೇನ್ರಿ?" ಎಂದು ಕೇಳಿದಳು. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

"ನಿಮ್ಮ ಮಾವನ ಬಸ್ಸಿನ್ಯಾಗ ನಾ ಯಾವತ್ತೂ ನಿಂತ ಬಂದೀನಿ. ಕುಂತೀನಿ ಅಂದ್ರ ಸಾಕು, 'ಏ, ಎದ್ದೇಳು, ಪ್ರವಾಸಿ ನಿಂತಾರ' ಅಂತಿದ್ರು."

ಕಥೆ ಶುರುವಾದದ್ದು ಚಿಗವ್ವನ ಹಿಮ್ಮಡಿಯ ಒಂದು ಗಾಯದಿಂದ. ಗಾಯ ಸಣ್ಣದು. ಆದರೆ ಅದು ಒಣಗಲಿಲ್ಲ. ಅರಿಸಿಣ ಹಚ್ಚಿದಳು, ಒಣಗಲಿಲ್ಲ. ಮುಲಾಮು ಹಚ್ಚಿದಳು, ಒಣಗಲಿಲ್ಲ. ನಾನು ಅವರಿಬ್ಬರನ್ನೂ ಜತ್ತಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ವಯಸ್ಸಿನಲ್ಲಿ ಸಣ್ಣವರು, ಚಿಗವ್ವನಿಗೆ ಮರಾಠಿಯ ಹಾಗೆ 'ಮಾವಶಿ' ಎನ್ನುತ್ತ ಕನ್ನಡದಲ್ಲಿ ಮಾತನಾಡುವವರು. ಬಂದದ್ದಕ್ಕೆ ಇಬ್ಬರ ರಕ್ತವನ್ನೂ ನೋಡಿದರು. ಚಿಗವ್ವನ ರಕ್ತದಲ್ಲಿ ಸಕ್ಕರೆ ಏರಿತ್ತು. ಕಾಕಾನ ರಕ್ತದಲ್ಲಿ ಕೊಬ್ಬು ಏರಿತ್ತು.

"ಮಾವಶಿ, ದಿನಾ ಏನ ಉಣತೀರಿ?"

"ರೊಟ್ಟಿ ಉಣತೀನ್ರಿ. ಅನ್ನ. ಮುಂಜಾನಿ ಚಾದಾಗ ಅದ್ದಿಕೊಂಡು ತಿನ್ನಾಕ ಬಟರ್ ಬಿಸ್ಕೀಟ. ಸೋಮವಾರಕ್ಕೊಮ್ಮಿ ಉಪವಾಸ."

"ಉಪವಾಸ ಅಂದ್ರ ಏನೂ ಉಣ್ಣೂದಿಲ್ಲ?"

"ಏನೂ ಇಲ್ರಿ. ಸಾಬೂದಾಣಿ ಖಿಚಡಿ, ಬಟಾಟಿ, ಎರಡು ಬಾಳಿಹಣ್ಣ, ಖಜೂರ, ಒಂದು ವಾಟಿ ಬೆಲ್ಲಾ ಹಾಕಿದ ಶೇಂಗಾ. ಸಂಜೀಕ ಉಪವಾಸ ಬಿಡತೀನಿ, ಹೋಳಗಿ ಮಾಡಿ."

ಡಾಕ್ಟರ್ ಬಾಯಿ ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ಒಂದು ಸ್ಟೀಲ್ ತಾಟು ತರಿಸಿ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ತಾಟಿನ ಅರ್ಧ ಕಾಯಿಪಲ್ಯ. ಉಳಿದ ಅರ್ಧದಲ್ಲಿ ಒಂದು ಪಾಲು ರೊಟ್ಟಿ ಇಲ್ಲವೆ ಅನ್ನ, ಎರಡೂ ಅಲ್ಲ. ಇನ್ನೊಂದು ಪಾಲು ಬೇಳೆ, ಕಾಳು, ಮೊಸರು. ರೊಟ್ಟಿ ಜೋಳದ್ದೇ ಆದರೂ ಅದೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಎಣ್ಣೆ, ತುಪ್ಪ ಪೂರಾ ಬಿಡುವುದಲ್ಲ, ಹಿಡಿತದಲ್ಲಿಡುವುದು. "ಶೇಂಗಾ ಚಲೋದು, ಆದ್ರ ಒಂದು ಮುಟಗಿ. ಬೊಗಸಿ ಅಲ್ಲ. ಹಿಟ್ಟು, ಜಿಡ್ಡು ಎರಡೂ ಹದಕ್ಕ ಇರಬೇಕು. ಮಾವಶಿ ಹಿಟ್ಟು, ಸಿಹಿ ಕಮ್ಮಿ ಮಾಡ್ರಿ. ಕಾಕಾ, ನೀವು ಜಿಡ್ಡು ಕಮ್ಮಿ ಮಾಡ್ರಿ."

ಕೊನೆಗೆ ಒಂದು ಮಾತು ಹೇಳಿದರು. ಮುಂದಿನ ಸಲ ಬರುವಷ್ಟರಲ್ಲಿ ಸಕ್ಕರೆ ಇಳಿಯದಿದ್ದರೆ ಚಿಗವ್ವ ದಿನವೂ ಸೂಜಿ ಚುಚ್ಚಿಕೊಳ್ಳಬೇಕಾಗುತ್ತದೆ, ಇಲ್ಲದಿದ್ದರೆ ಪಾದಕ್ಕೆ ಒಳ್ಳೆಯದಲ್ಲ. ಚಿಗವ್ವ ಚೇಳನ್ನು ಚಪ್ಪಲಿಯಿಂದ ಹೊಡೆದು, ಅದೇ ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೋಗುವವಳು. ಸೂಜಿ ಎಂಬ ಮಾತಿಗೆ ಅವಳ ಕೈ ಕಾಕಾನ ಅಂಗಿಯ ತುದಿಯನ್ನು ಹಿಡಿದುಕೊಂಡಿತು. ಅದನ್ನು ನಾನು ಕಂಡೆ. ಕಾಕಾನೂ ಕಂಡರು. ಅವರು ಎದ್ದು ನಿಂತು, "ಬಾಯಾರ, ಆ ಸೂಜಿ ಒಳಗ ಇಡ್ರಿ. ಅಕಿದು ಇಳಸೂ ಜವಾಬ್ದಾರಿ ನಂದು" ಎಂದರು. ಬಸ್ಸಿನಿಂದ ಪ್ರವಾಸಿಯನ್ನು ಇಳಿಸುವವರ ಧ್ವನಿ ಅದು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಬಹಳ ವಿಚಾರ ಮಾಡಿದರು. ಬಸ್ಸು ಊರಿನ ಸಮೀಪ ಬಂದಾಗ ನನ್ನ ಕಡೆ ತಿರುಗಿದರು.

"ಮಾಸ್ತರ, ಅಕಿ ಮೈಯಾಗ ಹಿಟ್ಟು ಹೆಚ್ಚಾಗೇದ. ಹೌದಲ್ಲೋ?"

"ಹೌದ್ರಿ ಕಾಕಾ."

"ನನ್ನ ಮೈಯಾಗ ಜಿಡ್ಡು ಹೆಚ್ಚಾಗೇದ."

"ಹೌದ್ರಿ."

"ಅಂದಮ್ಯಾಲ ಮನಿಗಿ ನೋಡಿದ್ರ ಎರಡೂ ಬರೋಬರಿ ಆತಲ್ಲ."

ನಾನು ಗಣಿತ ಕಲಿಸುವವನು. ಈ ಗಣಿತಕ್ಕೆ ತಪ್ಪು ಹಾಕುವ ಜಾಗ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಉಮದಿ ಬಂದಿತು.

ಮನೆಯಲ್ಲಿ ಕಾಕಾ ತಮ್ಮ ವಿಚಾರವನ್ನು ಬಿಡಿಸಿ ಹೇಳಿದರು. ಹಿಟ್ಟು ಎಂದರೆ ಲಗೂನ ಇಳಿಯುವ ಪ್ರವಾಸಿ. ಹತ್ತುತ್ತಾನೆ, ಗದ್ದಲ ಮಾಡುತ್ತಾನೆ, ಮುಂದಿನ ಸ್ಟಾಪಿನಲ್ಲಿ ಇಳಿಯುತ್ತಾನೆ. ಒಮ್ಮೆಲೇ ಬಹಳ ಮಂದಿ ಹತ್ತಿದರೆ ಬಾಗಿಲಲ್ಲಿ ನುಗ್ಗಾಟ. ಜಿಡ್ಡು ಎಂದರೆ ವಿಜಾಪುರದ ತನಕ ಟಿಕೆಟ್ ತೆಗೆಸಿ ಕಿಟಕಿಗೆ ತಲೆ ಹಚ್ಚಿ ಮಲಗುವ ಪ್ರವಾಸಿ. ಇಬ್ಬರೂ ಬೇಕು, ಆದರೆ ಬಸ್ಸು ತುಂಬ ಒಂದೇ ಜಾತಿಯ ಪ್ರವಾಸಿ ಆದರೆ ಗಾಡಿ ನಡೆಯುವುದಿಲ್ಲ. ಇಷ್ಟನ್ನು ಡಾಕ್ಟರ್ ಬಾಯಿ ಕೇಳಿದ್ದರೆ ಒಪ್ಪುತ್ತಿದ್ದರೇನೋ. ಮುಂದಿನದನ್ನು ಒಪ್ಪುತ್ತಿರಲಿಲ್ಲ. ಕಾಕಾನ ಪ್ರಕಾರ ಬಸ್ಸು ಎಂದರೆ ಒಬ್ಬರ ಹೊಟ್ಟೆಯಲ್ಲ. ಬಸ್ಸು ಎಂದರೆ ಇಡೀ ಮನೆ. ಒಬ್ಬರು ಹೆಚ್ಚು ಹತ್ತಿಸಿಕೊಂಡರೆ ಇನ್ನೊಬ್ಬರು ಇಳಿಸಿದರಾಯಿತು ಎಂದು ನನ್ನ ಹೊಟ್ಟೆಯ ಕಡೆ ನೋಡಿದರು.

"ಕಾಕಾ, ನೀವು ಉಂಡದ್ದು ನಾ ಬಿಟ್ರ ಹೆಂಗ ಇಳೀತದ್ರಿ?"

"ನಿನಗ ನೌಕರಿ ಸಿಗಲಿ ಅಂತ ಗುಡ್ಡಾಪುರ ದಾನಮ್ಮಗ ಹರಕಿ ಹೊತ್ತಾಕಿ ಯಾರು?"

"ಅವ್ವ."

"ಅಕಿ ಮೊಣಕಾಲ ಹಿಡಕೊಂಡಾಗ ಗುಡ್ಡಾಪುರಕ್ಕ ನಡದಾವ ಯಾರು?"

"ನಾನ ರೀ."

"ದೇವಿ ಒಪ್ಪಿದಳೋ ಇಲ್ಲೋ? ಅಕಿ ಹರಕಿ ನಿನ್ನ ಕಾಲಿಲೆ ಮುಟ್ಟಿತೋ ಇಲ್ಲೋ? ದೇವಿ ಒಪ್ಪಿದ್ದನ್ನ ಡಾಕ್ಟರ್ ಬಾಯಿ ಒಪ್ಪೂದಿಲ್ಲೇನು?"

ನಮ್ಮ ಕಡೆ ಅದು ಇರುವುದೇ ಹಾಗೆ. ತಾಯಿ ಹೊತ್ತ ಹರಕೆಯನ್ನು ಮಗ ನಡೆಯುತ್ತಾನೆ, ಅಣ್ಣನ ಹರಕೆಗೆ ತಮ್ಮ ಉದ್ದಕ್ಕೆ ಮಲಗಿ ಎದ್ದು ದೀಡ ನಮಸ್ಕಾರ ಹಾಕುತ್ತಾನೆ. ಯಾರೂ ಅದನ್ನು ವಿಚಿತ್ರ ಎಂದುಕೊಂಡಿಲ್ಲ. ಪಥ್ಯವನ್ನೂ ಹಾಗೆಯೇ ಮುಟ್ಟಿಸಬಹುದು ಎಂದು ಹೊಳೆದದ್ದು ಮಾತ್ರ ಭೂಮಿಯ ಮೇಲೆ ನಮ್ಮ ಕಾಕಾ ಒಬ್ಬರಿಗೇ.

ಮರುದಿನವೇ ನನ್ನ ಮೇಲೆ ಜಾರಿಯಾಯಿತು. ಕಾಕಾ ಸಜ್ಜೆ ರೊಟ್ಟಿಗೆ ಬೆಣ್ಣೆ ಮೆತ್ತಿ ಉಂಡರು, ನನ್ನ ತಾಟಿನ ಪಲ್ಯದ ಒಗ್ಗರಣೆಯನ್ನು ಚಮಚದಿಂದ ಬಳಿದು ತೆಗೆದರು. ಅವರು ಅನ್ನಕ್ಕೆ ತುಪ್ಪ ಹಾಕಿಕೊಂಡರು, ನನ್ನ ಅನ್ನವನ್ನು ಬೋಗುಣಿಗೆ ಮರಳಿ ಹಾಕಿದರು. "ನಾ ಹತ್ತಿಸೀನಿ, ನೀ ಇಳಸು" ಎಂದು ಒಂದು ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿಯ ಕೈ ನಿಂತಿತು. ನಾನು ಎದ್ದು ಕೈ ತೊಳೆದುಕೊಂಡೆ. ಶಾಲೆಯಲ್ಲಿ ನನ್ನ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಹೆಡ್ ಮಾಸ್ತರರು ನನ್ನನ್ನು ಬದಿಗೆ ಕರೆದು, "ಮನ್ಯಾಗ ಏನರ ಸಮಸ್ಯೆ ಅದೇನ್ರಿ?" ಎಂದು ಕೇಳಿದರು.

"ನಮ್ಮ ಕಾಕಾಗ ಕೊಲೆಸ್ಟರಾಲ್ ಅದರಿ."

ಅವರು ನನ್ನ ಕೆನ್ನೆಯ ಎಲುಬುಗಳನ್ನೇ ನೋಡಿದರು.

ಆಮೇಲೆ ಬಿಳೂರಿನ ಮದುವೆ ಬಂತು. ಚಿಗವ್ವನ ಅಣ್ಣನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಕಾಕಾ ಸುಮ್ಮನೆ ಕೂರಬಹುದು ಎಂದು ಯಾರಾದರೂ ಅಂದುಕೊಂಡಿದ್ದರೆ ಅವರು ಕಾಕಾನನ್ನು ಅರಿತವರಲ್ಲ. ನಾನು ಪಂಕ್ತಿಯ ಕೊನೆಯಲ್ಲಿ ಇದ್ದೆ, ಆದ್ದರಿಂದ ಎಲ್ಲವನ್ನೂ ಕಂಡೆ. ಕಾಕಾ ಎದ್ದು ನಿಂತು, ಪಂಕ್ತಿಯ ನಡುವೆ ನಡೆಯುತ್ತ, ಎಲೆ ಎಲೆ ನೋಡುತ್ತ ಬಂದರು. "ನೀವು ಬುಂದೆ ತಗೊಂಡ್ರಿ? ಬಾಜೂದಾವರು ಬಿಡ್ರಿ. ನೀವು ಭಜಿ ತಗೊಂಡ್ರಿ? ಎದುರಿನಾವರು ಅನ್ನ ಬಿಡ್ರಿ." ಸೋಲಾಪುರ ಕಡೆಯಿಂದ ಬಂದ ಒಬ್ಬರು, ಇದು ಬಿಳೂರಿನ ಪದ್ಧತಿ ಎಂದು ತಿಳಿದು, ಬಾಯಿಗೆ ಒಯ್ದಿದ್ದ ಬುಂದೆ ಉಂಡಿಯನ್ನು ಎಲೆಗೆ ಮರಳಿ ಇಟ್ಟು ಕೈ ಮುಗಿದರು. ಹೆಣ್ಣಿನ ಅಪ್ಪ ಅಡುಗೆ ಕೆಟ್ಟಿದೆ ಎಂದು ಭಾವಿಸಿ ಓಡಿ ಬಂದು ಸಾರಿನ ರುಚಿ ನೋಡಿದರು.

ಕಾಕಾ ಎಲ್ಲರಿಗೂ ನಿಯಮ ಹೇಳಿದರು. ಆಮೇಲೆ ಬೊಚ್ಚು ಬಾಯಿಯ ಒಬ್ಬ ಅಜ್ಜ ಕೇಳಿದ:

"ಕಂಡಕ್ಟರ, ನಾ ನಾಕು ಉಂಡಿ ತಿಂದೀನಿ. ಅವನ್ನ ಯಾರ ಮ್ಯಾಲ ಹಾಕತಿ?"

"ನಿಮಗ ಯಾರು ಬೇಕ್ರಿ ಅಜ್ಜಾರ?"

"ನಮ್ಮ ಬೀಗನ ಮ್ಯಾಲ ಹಾಕು."

ಅಲ್ಲಿಂದ ಪಂಕ್ತಿ ಯಾರ ಹಿಡಿತದಲ್ಲಿಯೂ ಉಳಿಯಲಿಲ್ಲ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರ ಮೇಲೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮೇಲೆ, ಸೊಸೆಯಂದಿರು ಅತ್ತೆಯಂದಿರ ಮೇಲೆ ಹಾಕುತ್ತ ಮತ್ತೆ ಮತ್ತೆ ಬಡಿಸಿಕೊಂಡರು. ಬುಂದೆ ಮುಗಿಯಿತು. ಅಷ್ಟು ಸಂತೋಷದಿಂದ ಪಥ್ಯ ಮಾಡಿದ ಜನರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಹೊರಡುವಾಗ ತವರಿನವರು ಚಿಗವ್ವನ ಕೈಗೆ ಒಂದು ಡಬ್ಬಿ ಶೇಂಗಾ ಉಂಡಿ ಕೊಟ್ಟರು. ಹುರಿದ ಶೇಂಗಾ, ಬೆಲ್ಲ ಕುಟ್ಟಿ ಕಟ್ಟಿದ ಉಂಡಿ. ಚಿಗವ್ವನಿಗೆ ಅದರ ಮೇಲೆ ಎಷ್ಟು ಆಸೆ ಎಂದರೆ, ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ. ಮನೆಗೆ ಬಂದ ಮೇಲೆ ಕಾಕಾ ಡಬ್ಬಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತರು.

"ಶೇಂಗಾ ಅಂದ್ರ ಜಿಡ್ಡು. ಬೆಲ್ಲ ಹಿಟ್ಟಿನ ಬಳಗ. ಎರಡೂ ಒಂದ ಉಂಡ್ಯಾಗ ಕುಂತಾವ. ಇದಕ್ಕ ಎಲ್ಲಿ ಸೀಟ ಕೊಡೂದು?"

"ಬಾಯಾಗ ಕೊಡ್ರಿ" ಎಂದಳು ಚಿಗವ್ವ.

ಕಾಕಾ ನಗಲಿಲ್ಲ. ತೀರ್ಮಾನ ಆಗುವ ತನಕ ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಇರಲಿ ಎಂದರು. ತೀರ್ಮಾನ ಆಗಲೇ ಇಲ್ಲ.

ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮ ಚಾಚಾನ ಭಜಿ ಅಂಗಡಿ ಇದೆ. ಚಾಚಾ ಕಾಕಾನ ಹಳೆಯ ಗೆಳೆಯ. ಎಷ್ಟೋ ವರ್ಷ ಅವರ ಬಸ್ಸಿಗೆ ಬಿಸಿ ಭಜಿ ಪೊಟ್ಟಣ ಕೊಟ್ಟವರು. ಆ ಹೊತ್ತಿಗೆ ರಮಜಾನ್ ತಿಂಗಳು ಬಂದಿತ್ತು. ಚಾಚಾ ಇಡೀ ದಿನ ನೀರನ್ನೂ ಮುಟ್ಟದೆ, ಸಂಜೆಯ ಗಿರಾಕಿಗಳಿಗಾಗಿ ಬಾಣಲೆಯ ಮುಂದೆ ಕೂರುತ್ತಿದ್ದರು. ಇದನ್ನು ನೋಡಿ ಕಾಕಾನ ಮುಖ ಅರಳಿತು. ನಾನು ಅವರ ಜೊತೆಯಲ್ಲಿಯೇ ಇದ್ದೆ.

"ಚಾಚಾ, ನೀ ಉಪವಾಸ ಅದಿ. ನಿನ್ನ ಪಾಲಿಂದು ನಾ ಒಂದು ಪ್ಲೇಟ ಮಿರ್ಚಿ ತಿನಲಿ?"

ಚಾಚಾ ಬಾಣಲೆಯಿಂದ ತೂತಿನ ಸೌಟು ಎತ್ತಿದರು, ಎಣ್ಣೆ ಬಸಿದರು, ನಿಧಾನ ಹೇಳಿದರು: "ಕಂಡಕ್ಟರ್ ಸಾಹೇಬ್, ಮಿರ್ಚಿ ಬೇಕಾದ್ರ ತಿನ್ರಿ. ಆದ್ರ ನಮ್ಮ ರೋಜಾ ಸೀದಾ ಅಲ್ಲಾನ ಹಂತೇಕ ಹೋಗತದ. ನಡುವ ಎಲ್ಲೂ ನಿಂದರೂದಿಲ್ಲ."

ಕಾಕಾ ಗಂಭೀರರಾದರು. ತಲೆಯ ಮೇಲಿನ ಟೊಪ್ಪಿಗೆಯನ್ನು ಸರಿ ಮಾಡಿಕೊಂಡರು. "ನಾನ್‌ಸ್ಟಾಪ್ ಗಾಡಿ" ಎಂದು ನನಗೆ ಮೆಲ್ಲಗೆ ಹೇಳಿ, ಮಿರ್ಚಿ ತಿನ್ನದೆ ಎದ್ದು ಬಂದರು. ಅವರ ನಿಯಮ ಸೋತದ್ದನ್ನು ನಾನು ಕಂಡದ್ದು ಅದೇ ಮೊದಲ ಸಲ.

ಇಲ್ಲಿಯ ತನಕ ನಾನು ನಗುತ್ತ ಬರೆದೆ. ಇನ್ನು ಸ್ವಲ್ಪ ನಿಧಾನವಾಗಿ ಬರೆಯಬೇಕು, ಏಕೆಂದರೆ ಮುಂದಿನದು ಯಾವ ಕ್ರಮದಲ್ಲಿ ನಡೆಯಿತು ಎಂಬುದು ಮುಖ್ಯ.

ರಮಜಾನ್ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಹಿತ್ತಿಲ ಬಾಗಿಲಿನಲ್ಲಿ ಕೊಡ ಹಿಡಿದು ನಿಂತಿದ್ದೆ. ಅಲ್ಲಿಂದ ಅಡುಗೆಮನೆಯ ಒಳಗೂ ಕಾಣುತ್ತದೆ, ಅಡುಗೆಮನೆಗೂ ಪಡಸಾಲೆಗೂ ನಡುವಿನ ಬಾಗಿಲೂ ಕಾಣುತ್ತದೆ. ಚಿಗವ್ವ ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿ, ಗೋಡೆಗೆ ಮುಖ ಮಾಡಿ, ಒಂದು ಶೇಂಗಾ ಉಂಡಿ ತಿನ್ನುತ್ತಿದ್ದಳು. ಸಣ್ಣ ಸಣ್ಣ ಚೂರು ಮಾಡಿಕೊಂಡು, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು. ನಡುವಿನ ಬಾಗಿಲಿನಲ್ಲಿ ಕಾಕಾ ಬಂದು ನಿಂತರು. ಅವರು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಈಗ ಒಂದು ಚಪ್ಪಾಳೆ ಬೀಳುತ್ತದೆ ಎಂದು ನಾನು ಕಾದೆ. ಬೀಳಲಿಲ್ಲ. ಕಾಕಾ ಸಪ್ಪಳ ಮಾಡದೆ ಹಿಂದೆ ಸರಿದರು. ಪಡಸಾಲೆಯ ಆ ತುದಿಗೆ ಹೋಗಿ ಅಲ್ಲಿಂದ ಜೋರಾಗಿ ಕೆಮ್ಮಿದರು, ಚಪ್ಪಲಿ ಎಳೆದರು, "ಯಾರದೀರಿ ಒಳಗ?" ಎಂದು ಯಾರೂ ಇಲ್ಲದ ಮನೆಗೆ ಬಂದವರ ಹಾಗೆ ಕೂಗಿದರು. ಚಿಗವ್ವ ಡಬ್ಬಿ ಮುಚ್ಚಿ ಮೇಲಿಟ್ಟು, ಬಾಯಿ ಒರೆಸಿಕೊಳ್ಳುವಷ್ಟು ಹೊತ್ತು ಕೊಟ್ಟು ಆಮೇಲೆ ಒಳಗೆ ಬಂದರು.

"ಉಣ್ಣಾಕ ಕುಂದ್ರಿ" ಎಂದಳು ಚಿಗವ್ವ.

"ನಂದು ಚಾಚಾನ ಅಂಗಡ್ಯಾಗ ಆಗೇದ."

ಅಂದಿನಿಂದ ಕಾಕಾನ ಊಟ ಚಾಚಾನ ಅಂಗಡಿಯಲ್ಲಿಯೇ ಆಗತೊಡಗಿತು. ಮನೆಯಲ್ಲಿ ಕೂತರೂ ರೊಟ್ಟಿ ಮುರಿದು ನನ್ನ ತಾಟಿಗೆ ಸರಿಸುತ್ತಿದ್ದರು. "ನಿನ್ನ ಪಾಳಿ ಮುಗೀತು ತಮ್ಮಾ. ಉಣ್ಣು." ನನಗೆ ರೊಟ್ಟಿ ಮರಳಿ ಸಿಕ್ಕಿತ್ತು, ಬೆಣ್ಣೆಯೂ ಸಿಕ್ಕಿತ್ತು. ನನ್ನ ಪ್ಯಾಂಟು ಸೊಂಟದಲ್ಲಿ ನಿಲ್ಲತೊಡಗಿತು. ಆದರೆ ಕಾಕಾನ ಧೋತರದ ಕಟ್ಟು ದಿನದಿನಕ್ಕೆ ದಪ್ಪವಾಗುತ್ತಿತ್ತು, ಒಳಗಿನ ಮನುಷ್ಯ ತೆಳ್ಳಗಾಗುತ್ತಿದ್ದರು. ಇಷ್ಟು ಭಜಿ ತಿಂದು ಸೊರಗುವವರನ್ನು ನಾನು ಕಂಡಿರಲಿಲ್ಲ. ನನ್ನ ಹೆಂಡತಿಗೆ ಹೇಳಿದೆ. ಅವಳು, "ಅವರು ಉಂಡದ್ದು ಈಗ ಯಾರ ಮೈಗೆ ಹತ್ತಾಕತ್ತೇದೋ ನೋಡ್ರಿ" ಎಂದು ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿದಳು.

ಒಂದು ದಿನ ಶಾಲೆ ಬಿಟ್ಟ ಮೇಲೆ ಚಾಚಾನ ಅಂಗಡಿಗೆ ಹೋಗಿ, "ಕಾಕಾಗ ಅಷ್ಟು ಭಜಿ ಕೊಡಬ್ಯಾಡ್ರಿ" ಎಂದೆ.

ಚಾಚಾ ನನ್ನ ಮುಖ ನೋಡಿದರು. "ಯಾರಿಗಿ? ಕಂಡಕ್ಟರ್ ಸಾಹೇಬರು ಬಂದು ಭಾಳ ದಿನಾ ಆತಲ್ಲ ಮಾಸ್ತರ. ಸ್ಟ್ಯಾಂಡಿಗೆ ಬರತಾರ, ಆ ಕಟ್ಟಿಮ್ಯಾಲ ಕುಂದರತಾರ. ನಾ ಕರದ್ರ 'ಮನ್ಯಾಗ ಉಂಡೀನಿ' ಅಂತಾರ."

ಮನೆಯಲ್ಲಿ ಚಾಚಾನ ಅಂಗಡಿಯಲ್ಲಿ ಉಂಡಿದ್ದೇನೆ ಎನ್ನುತ್ತಾರೆ. ಚಾಚಾನ ಅಂಗಡಿಯಲ್ಲಿ ಮನೆಯಲ್ಲಿ ಉಂಡಿದ್ದೇನೆ ಎನ್ನುತ್ತಾರೆ. ಹಾಗಾದರೆ ಈ ಮನುಷ್ಯ ಎಲ್ಲಿ ಉಣ್ಣುತ್ತಾರೆ? ನಾನು ಇದನ್ನು ವಿಚಾರ ಮಾಡುತ್ತ ಅಂಗಡಿಯ ಬಾಕಿನ ಮೇಲೆ ಕೂತಿದ್ದಾಗಲೇ ಎದುರಿಗೆ ಜತ್ತದ ಬಸ್ಸು ಬಂದು ನಿಂತಿತು. ಕಾಕಾ ಕಟ್ಟೆಯಿಂದ ಎದ್ದರು. ಪೆನ್ಶನ್ ಆದ ಮೇಲೂ ಅವರು ಸ್ಟ್ಯಾಂಡಿಗೆ ಬಂದ ಬಸ್ಸನ್ನು ಹಾಗೆಯೇ ಬಿಡುವವರಲ್ಲ. "ಒಳಗ ಸರೀರಿ, ಮೊದಲ ಇಳಿಯಾವರಿಗೆ ಇಳಿಯಾಕ ಬಿಡ್ರಿ" ಎಂದು ಬಾಗಿಲಿನ ಬದಿಯಲ್ಲಿ ನಿಂತು ಹೇಳುತ್ತಿದ್ದರು. ಆ ಮಾತು ಹೇಳುತ್ತಿರುವಂತೆಯೇ ಕುಸಿದರು. ಯಾರೂ ನೂಕಲಿಲ್ಲ. ಬಸ್ಸು ಅಲುಗಾಡಲಿಲ್ಲ. ಕಾಲು ಮಡಚಿದವು, ಅಷ್ಟೆ. ನಾನು ಓಡಿದೆ. ಚಾಚಾ ನನಗಿಂತ ಮೊದಲು ಅಲ್ಲಿದ್ದರು, ಹಿಟ್ಟು ಮೆತ್ತಿದ ಕೈಯಿಂದಲೇ ಕಾಕಾನ ತಲೆ ಹಿಡಿದಿದ್ದರು. ಮುಖಕ್ಕೆ ನೀರು ಹೊಡೆದೆವು. ಕಣ್ಣು ಬಿಟ್ಟ ಕಾಕಾ ಮೊದಲು ಕೇಳಿದ್ದು, "ಗಾಡಿ ಹೋತೇನು?"

ಗಾಡಿ ಹೋಗಿರಲಿಲ್ಲ. ಚಿಗವ್ವನನ್ನು ಕರೆಸಿ ಅದೇ ಬಸ್ಸಿನಲ್ಲಿ ಜತ್ತಕ್ಕೆ ಹೋದೆವು. ಚಿಗವ್ವನೂ ಡಾಕ್ಟರಿಗೆ ತೋರಿಸುವ ಸಮಯ ಬಂದೇ ಇತ್ತು.

ಡಾಕ್ಟರ್ ಬಾಯಿ ಕಾಕಾನನ್ನು ಮಲಗಿಸಿ ಸಲೈನ್ ಹಚ್ಚಿದರು. ಹೊಟ್ಟೆ ಒತ್ತಿ ನೋಡಿದರು. "ಊಟಾ ಬಿಟ್ಟೀರೇನ್ರಿ ಕಾಕಾ?" ಎಂದರು. ಕಾಕಾ ಛತ್ತನ್ನು ನೋಡಿದರು. ಆಮೇಲೆ ಚಿಗವ್ವನ ರಕ್ತ ತೆಗೆದು ನೋಡಿದರು. ಅವರ ಹುಬ್ಬು ಕೂಡಿಕೊಂಡವು. ಸಕ್ಕರೆ ಇಳಿದಿರಲಿಲ್ಲ. ಇನ್ನಷ್ಟು ಏರಿತ್ತು.

ಆಗ ಕಾಕಾ ಎದ್ದು ಕೂತರು. ಸಲೈನಿನ ನಳಿಕೆ ಅಲುಗಾಡಿತು.

"ಹೆಂಗ ಏರತದ್ರಿ ಬಾಯಾರ? ಅಕಿ ತಿಂದ ದಿನಾ ನಾ ಬಿಟ್ಟೀನಲ್ಲ. ಅಕಿ ಒಂದ ಉಂಡಿ ತಿಂದ್ರ ನಾ ಒಂದ ಹೊತ್ತು ಬಿಟ್ಟೀನಿ. ಅನುಮಾನ ಬಂದ ದಿನಾ ಎರಡೂ ಹೊತ್ತು ಬಿಟ್ಟೀನಿ. ಹೆಚ್ಚಿಗಿ ಬಿಟ್ಟೀನಿ, ಕಮ್ಮಿ ಬಿಟ್ಟಿಲ್ಲ. ನೀವು ಇನ್ನೊಮ್ಮಿ ನೋಡ್ರಿ."

ಡಾಕ್ಟರ್ ಬಾಯಿ ನಗಲಿಲ್ಲ. ಅದಕ್ಕಾಗಿ ನಾನು ಅವರಿಗೆ ಋಣಿ. ಅವರು ಸ್ಟೂಲು ಎಳೆದುಕೊಂಡು ಕಾಕಾನ ಹತ್ತಿರ ಕೂತು ಹೇಳಿದರು: "ಕಾಕಾ, ಇದು ಹಂಗ ಬರೂದಿಲ್ರಿ. ಅವರದು ಅವರ ಬಿಡಬೇಕು. ನಿಮ್ದು ನೀವ ಬಿಡಬೇಕು. ಮತ್ತ ನೀವು ಬಿಡಾಕ ಹೇಳಿದ್ದು ಜಿಡ್ಡು. ಊಟಾ ಅಲ್ಲ."

ಚಿಗವ್ವ ಕಾಕಾನ ಕಡೆ ತಿರುಗಿ ಕೇಳಿದಳು, "ನೀವು ನೋಡಿದ್ರೇನು?"

"ಏನು?"

"ನಾ ಉಂಡಿ ತಿನ್ನೂದು."

"ನೋಡ್ಲಿಲ್ಲ. ಡಬ್ಬಿ ಸಪ್ಪಳ ಕೇಳಸ್ತು."

ಅವರು ನೋಡಿದ್ದರು. ನಾನು ಸಾಕ್ಷಿ. ಆದರೆ ಅಲ್ಲಿ ನಾನು ಸಾಕ್ಷಿ ಹೇಳಲಿಲ್ಲ.

"ಮತ್ತ ಯಾಕ ಬೈಲಿಲ್ಲ?"

ಕಾಕಾ ಸಲೈನಿನ ನಳಿಕೆಯನ್ನು ಸರಿ ಮಾಡಿಕೊಂಡರು. "ನಿನಗ ಸೂಜಿ ಅಂದ್ರ ಅಂಜಿಕಿ. ಉಂಡಿ ಅಂದ್ರ ಆಸೆ. ಎರಡೂ ನಿನ್ನ ಮ್ಯಾಲ ಯಾಕ ಹಾಕ್ಲಿ?"

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿ, ಡಾಕ್ಟರ್ ಬಾಯಿಯ ಮುಂದೆ ಕೈ ಚಾಚಿದಳು. "ಹಾಕ್ರಿ ಬಾಯಾರ ಆ ಸೂಜಿ. ಇವರು ಉಣ್ಣಲಿ."

ಕಾಕಾ ತಿರುಗಿ ನನ್ನನ್ನು ನೋಡಿದರು. ಆ ನೋಟದ ಅರ್ಥ ನನಗೆ ಕೂಡಲೇ ಆಯಿತು. ನಾನು ನನ್ನ ಎರಡೂ ತೋಳುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಡಾಕ್ಟರ್ ಬಾಯಿಯೂ ಅದನ್ನು ಕಂಡಿರಬೇಕು. "ಇದು ಮಾಸ್ತರರಿಗೆ ಹಾಕಿದ್ರೂ ನಡಿಯೂದಿಲ್ರಿ ಕಾಕಾ" ಎಂದರು. ಸೂಜಿ ತೋಳಿಗಲ್ಲ, ಹೊಟ್ಟೆಯ ಬದಿಗೆ, ನೋವು ಇರುವೆ ಕಚ್ಚಿದಷ್ಟು ಎಂದು ಹೇಳಿ, ಮೊದಲನೆಯದನ್ನು ತಾವೇ ಹಾಕಿ, ಮುಂದಿನದನ್ನು ಹೇಗೆ ಹಾಕಿಕೊಳ್ಳಬೇಕು ಎಂದು ಕಲಿಸಿದರು. ಚಿಗವ್ವ ಕಣ್ಣು ಮುಚ್ಚಲಿಲ್ಲ. ಕಣ್ಣು ಮುಚ್ಚಿದವರು ಕಾಕಾ.

ತಿರುಗಿ ಬರುವ ಬಸ್ಸು ತುಂಬಿತ್ತು. ಒಂದೇ ಸೀಟು ಖಾಲಿ ಸಿಕ್ಕಿತು. ಪಕ್ಕದಲ್ಲಿ ಒಬ್ಬ ಹೆಂಗಸು ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಡಾಕ್ಟರ್ ಬಾಯಿ ವಿಶ್ರಾಂತಿ ಹೇಳಿದ್ದು ಕಾಕಾನಿಗೆ. ಕಾಕಾ ಚಿಗವ್ವನನ್ನು ಅಲ್ಲಿ ಕೂಡಿಸಿ, ಕಂಬ ಹಿಡಿದು ನಿಂತರು. ನಾನು 'ಕುಂದ್ರಿ' ಎಂದೆ, ಕೇಳಲಿಲ್ಲ.

"ಪ್ರವಾಸಿ ಕುಂತಾರ" ಎಂದರು.

ಚಿಗವ್ವ ಕಿಟಕಿಯ ಕಡೆಗೆ ಸರಿದಳು. ಕೂಸಿನ ತಾಯಿಯೂ ಸ್ವಲ್ಪ ಸರಿದಳು. ಚಿಗವ್ವ ಕಾಕಾನ ಅಂಗಿಯ ತುದಿ ಹಿಡಿದು ಎಳೆದಳು. "ನನಗ ಅರ್ಧಾ ಸಾಕು. ಕುಂದ್ರಿ." ಕಾಕಾ ಅರ್ಧ ಸೀಟಿನ ಮೇಲೆ, ಅರ್ಧ ಗಾಳಿಯ ಮೇಲೆ ಕೂತರು. ಅಷ್ಟು ವರ್ಷದ ಸಂಸಾರದಲ್ಲಿ ಓಡುವ ಬಸ್ಸಿನಲ್ಲಿ ಅವರು ಹೆಂಡತಿಯ ಬಾಜೂಕ ಕೂತದ್ದು ಇದೇ ಮೊದಲು ಎಂದು ಚಿಗವ್ವ ಆಮೇಲೆ ಹೇಳಿದಳು. ಅದು ಕೇಳಿದ ಮಾತು, ನಂಬುತ್ತೇನೆ.

ಬಸ್ಸು ಜತ್ತ ಬಿಡುವ ಮೊದಲು ಅವಳು ಮಡಿಲಿನ ಚೀಲದಿಂದ ಒಂದು ಶೇಂಗಾ ಉಂಡಿ ತೆಗೆದಳು. ಅವಸರದಲ್ಲಿ ಮನೆಯಿಂದ ಹೊರಡುವಾಗಲೂ ಒಂದನ್ನು ಹಾಕಿಕೊಂಡಿದ್ದಳು. ಅದನ್ನು ಒಂದು ಸಲ ಮೂಸಿ, ಹಿಂದೆ ನಿಂತಿದ್ದ ನನ್ನ ಕೈಗೆ ಕೊಟ್ಟಳು.

"ತಿನ್ನು ತಮ್ಮಾ. ಯಾರ ಹೆಸರಿಲೇನೂ ಬ್ಯಾಡ. ನಿನ್ನ ಹೆಸರಿಲೆ ತಿನ್ನು."

ನಾನು ತಿಂದೆ. ಬಹಳ ರುಚಿಯಾಗಿತ್ತು. ಕಾಕಾ ನಾನು ತಿನ್ನುವುದನ್ನು ನೋಡಿದರು, ಏನೋ ಲೆಕ್ಕ ಮಾಡುವವರ ಹಾಗೆ ತುಟಿ ಅಲ್ಲಾಡಿಸಿದರು, ಆಮೇಲೆ ಬಿಟ್ಟರು.

"ಮನಿಗಿ ಹೋದ ಕೂಡಲೇ ರೊಟ್ಟಿ ಬಡೀತೀನಿ. ನಿಮಗ ಎರಡು, ನನಗ ಒಂದು. ತಾಟಿನ ಅರ್ಧಾ ಪುಂಡಿಪಲ್ಯ. ಉಣತೀರಿಲ್ಲೋ?" ಎಂದಳು ಚಿಗವ್ವ.

ಕಾಕಾ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡರು. ಅವರ ಕಣ್ಣು ತುಂಬಿದ್ದವು. ಚಿಗವ್ವ ಅವರ ಮೊಣಕಾಲಿನ ಮೇಲೆ ತನ್ನ ಕೈಯಿಂದ ಎರಡು ಸಲ ಮೆಲ್ಲಗೆ ತಟ್ಟಿದಳು.